ಒಂದು ಚೆಕ್ಕು, ಹತ್ತಾರು ವೇಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಾಲಂ ಪೂರ್ತಿ ಒಂದೇ ಪದಕ್ಕೆ ಹೋಯ್ತು. ಹೋದ ಸಂಚಿಕೇಲಿ ಯಾರೋ ಒಬ್ರು ಇಂಗ್ಲಿಷಿನ 'ಚೆಕ್' ಪದದ ಬಗ್ಗೆ ಕೇಳಿದಾರೆ, ಮುಂದಿನ ಸಲ ಉತ್ತರ ಕೊಡ್ತೀವಿ ಅಂತ ಒಂದು ಸಾಲು ಹಾಕಿದ್ವಿ ನೋಡಿ, ಅದರ ಬಾಲ ಹಿಡ್ಕೊಂಡು ಇನ್ನೊಂದಷ್ಟು ಪ್ರಶ್ನೆ ಬಂದು ಬಿದ್ವು. ಒಂದಕ್ಕೊಂದು ಅಂಟ್ಕೊಂಡೇ ಇರೋದ್ರಿಂದ ಎಲ್ಲಾನೂ ಒಟ್ಟಿಗೇ ಹಾಕಿದೀವಿ.

ಪ್ರಶ್ನೆ: ಬ್ಯಾಂಕಿಗೆ ಹಾಕೋದೂ ಚೆಕ್ಕು, ಅಂಗಿ ಮೇಲಿರೋದೂ ಚೆಕ್ಸು, ಚೆಸ್ಸಲ್ಲಿ ರಾಜನಿಗೆ ಕೊಡೋದೂ ಚೆಕ್ಕು. ಹೋಟೆಲ್ಲಿಗೆ ಹೋದ್ರೆ ಚೆಕ್ ಇನ್, ಡಾಕ್ಟರ್ ಹತ್ರ ಚೆಕಪ್ಪು. ಇವೆಲ್ಲ ಬೇರೆ ಬೇರೆ ಪದಗಳು ಆಕಸ್ಮಿಕವಾಗಿ ಒಂದೇ ಥರ ಕೇಳ್ಸುತ್ತಾ, ಇಲ್ಲಾ ಒಂದೇ ಪದ ಇಷ್ಟೆಲ್ಲ ಆಗಿದ್ಯಾ?

ಉತ್ತರ: ಒಂದೇ ಪದ, ಮತ್ತೆ ಅದರ ಮೂಲ ಅರ್ಥ ಕೇಳಿದ್ರೆ ನಗು ಬರುತ್ತೆ. ಚೆಕ್ ಅಂದ್ರೆ 'ರಾಜ'. ಪರ್ಷಿಯನ್ ಭಾಷೆಯ ಷಾ ಇದೆಯಲ್ಲ, ಇರಾನಿನ ದೊರೆಗಳ ಬಿರುದು, ಅದೇ ಷಾ. ಚದುರಂಗ ಪರ್ಷಿಯಾಕ್ಕೆ ಹೋದ ಮೇಲೆ ಅಲ್ಲಿನವರು ಎದುರಾಳಿಯ ರಾಜನ ಮೇಲೆ ಗುರಿ ಇಟ್ಟಾಗ 'ಷಾ!' ಅಂತ ಕೂಗೋರು, 'ಏಯ್, ನಿನ್ ರಾಜನ್ನ ನೋಡ್ಕೋ' ಅನ್ನೋ ಅರ್ಥದಲ್ಲಿ. 7ನೇ ಶತಮಾನದಲ್ಲಿ ಅರಬರು ಪರ್ಷಿಯಾ ಗೆದ್ರು, ಆಟ ಕಲಿತ್ರು, ಕೂಗೋ ಪದಾನೂ ಹಾಗೇ ಇಟ್ಕೊಂಡ್ರು. ಅವರ ಜೊತೆ ಆಟ ಯೂರೋಪಿಗೆ ಹೋಯ್ತು. ಸ್ವಿಟ್ಜರ್ಲೆಂಡಿನ ಐನ್ಸೀಡೆಲ್ನ್ ಮಠದಲ್ಲಿ ಸುಮಾರು ಕ್ರಿ.ಶ. 1000ದ ಹೊತ್ತಿನ ಒಂದು ಲ್ಯಾಟಿನ್ ಪದ್ಯ ಸಿಕ್ಕಿದೆ, ಅದರಲ್ಲಿ ಚೆಸ್ ಆಟದ ವರ್ಣನೆ ಇದೆ, ಅಂದ್ರೆ ಅಷ್ಟೊತ್ತಿಗೆ ಆಟ ಆಲ್ಪ್ಸ್ ಬೆಟ್ಟದ ತನಕ ಹೋಗಿ ಕೂತಿತ್ತು.

ಲ್ಯಾಟಿನ್ ಬರೆಯೋರು ಷಾ ಅನ್ನೋದನ್ನ 'ಸ್ಕಾಕಸ್' ಮಾಡಿದ್ರು. ಫ್ರೆಂಚರಿಗೆ ಪದದ ಶುರುವಲ್ಲೇ ಸ್ಕ ಬಂದ್ರೆ ನಾಲಿಗೆ ಹೊರಳ್ತಾ ಇರ್ಲಿಲ್ಲ, ಮುಂದೆ ಒಂದು ಎ ಸೇರಿಸಿ 'ಎಸ್ಚೆಕ್' ಅಂದ್ರು, ನಮ್ಮ ಅಜ್ಜಿಯರು ಸ್ಕೂಲನ್ನ ಇಸ್ಕೂಲು ಅಂತಿದ್ರಲ್ಲ ಥೇಟ್ ಹಾಗೇನೆ. 1066ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳ ಮೂಟೆಯೇ ಅಲ್ಲಿಗೆ ಬಂತು, ಅದರಲ್ಲಿ ಇದೂ ಒಂದು. ಇಂಗ್ಲಿಷಿನವರು ಮುಂದಿನ ಎಸ್ ಕಿತ್ತಾಕಿ ಚೆಕ್ ಅಂತ ಉಳಿಸ್ಕೊಂಡ್ರು.

ಇಲ್ಲಿಂದ ಅರ್ಥ ಹೆಂಗೆ ಜಾರ್ತು ನೋಡಿ. ಚೆಸ್ಸಲ್ಲಿ ಚೆಕ್ ಬಿತ್ತು ಅಂದ್ರೆ ನಿಮ್ಮ ಪ್ಲ್ಯಾನ್ ಏನೇ ಇರ್ಲಿ ಎಲ್ಲಾ ನಿಲ್ಲಿಸಿ ಮೊದ್ಲು ರಾಜನ್ನ ಉಳಿಸ್ಬೇಕು, ಬೇರೆ ನಡೆ ಇಡೋ ಹಾಗೇ ಇಲ್ಲ. ಹಾಗಾಗಿ 14ನೇ ಶತಮಾನದ ಕೊನೆ ಹೊತ್ತಿಗೆ ಚೆಕ್ ಅಂದ್ರೆ 'ತಡೆ', 'ನಿಲ್ಲಿಸೋದು' ಅಂತಾನೂ ಆಯ್ತು. ಸೈನ್ಯ ಮುಂದೆ ಬರ್ತಿದ್ರೆ ಅದಕ್ಕೆ ಚೆಕ್ಕು, ಕೋಪ ಬಂದ್ರೆ ಅದಕ್ಕೂ ಚೆಕ್ಕು. ಆಮೇಲೆ ಮೋಸವನ್ನ ತಡೆಯೋದು ಹೇಗೆ? ಒಂದು ಲೆಕ್ಕವನ್ನ ಇನ್ನೊಂದು ಲೆಕ್ಕದ ಪಕ್ಕ ಇಟ್ಟು ತಾಳೆ ನೋಡೋದ್ರಿಂದ. ಹೀಗೆ 17ನೇ ಶತಮಾನದ ಕೊನೆ ಹೊತ್ತಿಗೆ 'ತಾಳೆ ನೋಡು', 'ಸರಿಯಿದ್ಯಾ ಪರೀಕ್ಷೆ ಮಾಡು' ಅನ್ನೋ ಅರ್ಥ ಬಂತು. ನಾವು ದಿನಾ ಬಳಸೋ 'ಚೆಕ್ ಮಾಡು' ಇದೇ, ಅಂದ್ರೆ ನಮಗೆ ತುಂಬ ಪರಿಚಯದ ಅರ್ಥವೇ ಸಾಲಲ್ಲಿ ತಡವಾಗಿ ಬಂದಿದ್ದು. ಚೆಕಪ್ಪು, ಚೆಕ್ ಪೋಸ್ಟು, ಚೆಕ್ ಲಿಸ್ಟು ಎಲ್ಲಾ ಇದರ ಮರಿಗಳು. ಅಂಗಿ ಮತ್ತೆ ಬ್ಯಾಂಕಿನದು ಸ್ವಲ್ಪ ಬೇರೆ ದಾರಿ, ಕೆಳಗೆ ಅದನ್ನೇ ಕೇಳಿದಾರೆ.

ಪ್ರಶ್ನೆ: ಚೆಸ್ ಅನ್ನೋ ಪದ ಸಂಸ್ಕೃತದ ಚತುರಂಗದಿಂದ ಬಂದಿದ್ದು ಅಂತ ಎಲ್ಲಾ ಕಡೆ ಓದಿದೀನಿ. ಹಂಗಾದ್ರೆ ಚೆಸ್ಸಿಗೂ ಚೆಕ್ಕಿಗೂ ಸಂಬಂಧ ಇಲ್ವಾ?

ಉತ್ತರ: ಆಟ ಚತುರಂಗದಿಂದ ಬಂದಿದ್ದು ನಿಜ, ಪದ ಅಲ್ಲ. ಈ ಎರಡನ್ನ ಕಲಸಿಬಿಡೋರು ಬಹಳ ಜನ. ಚೆಸ್ ಅಂದ್ರೆ ಹಳೇ ಫ್ರೆಂಚಿನ 'ಎಸ್ಚೆಸ್', ಅದು ಎಸ್ಚೆಕ್ ಪದದ ಬಹುವಚನ ಅಷ್ಟೇ. ಅಂದ್ರೆ ಇಂಗ್ಲಿಷಲ್ಲಿ ಚೆಕ್ಕು ಏಕವಚನ, ಚೆಸ್ಸು ಬಹುವಚನ, ಆಟದ ಹೆಸರೇ 'ರಾಜರುಗಳು' ಅಂತ. ರಷ್ಯನ್ನರು ಆಟಕ್ಕೆ ಶಾಖ್ಮತಿ ಅಂತಾರೆ, ಜರ್ಮನ್ನರು ಶಾಖ್ ಅಂತಾರೆ, ಅಲ್ಲೆಲ್ಲ ಅದೇ ಷಾ ಕೂತಿದಾನೆ.

ಚತುರಂಗ ಅನ್ನೋ ಪದ ಮಾತ್ರ ಇನ್ನೊಂದು ದಾರಿ ಹಿಡೀತು. ಪರ್ಷಿಯನ್ನಲ್ಲಿ ಚತ್ರಂಗ್, ಅರಬಿಯಲ್ಲಿ ಶತ್ರಂಜ್, ಅರಬರು ಸ್ಪೇನ್ ಕಡೆ ಆಳ್ತಿದ್ರಲ್ಲ, ಅಲ್ಲಿಂದ ಸ್ಪ್ಯಾನಿಷಿನ ಅಖೆದ್ರೆಸ್, ಪೋರ್ಚುಗೀಸಿನ ಶದ್ರೇಸ್. ಹೆಸರು ಎಷ್ಟು ಸವೆದು ಹೋಗಿದೆ ಅಂದ್ರೆ ಒಳಗೆ ನಮ್ಮ ಚತುರಂಗ ಇದೆ ಅಂತ ಹೇಳಿದ್ರೂ ನಂಬೋದು ಕಷ್ಟ. ಇನ್ನೊಂದು ಮಜಾ, ಪೋರ್ಚುಗೀಸಿನಲ್ಲಿ ಶದ್ರೇಸ್ ಅಂದ್ರೆ ಚೌಕಳಿ ಬಟ್ಟೆ ಅಂತಾನೂ ಅರ್ಥ ಇದೆ. ಮೂಲ ಪದ ಬೇರೆಯಾದ್ರೂ ಇಂಗ್ಲಿಷರ ಚೆಕ್ ಮಾಡಿದ್ದನ್ನೇ ಅದೂ ಮಾಡಿದೆ.

ಸಂಸ್ಕೃತದ ನೆಂಟಸ್ತನ ಬೇಕೇ ಬೇಕು ಅಂದ್ರೆ ಅದೂ ಇದೆ, ಆದ್ರೆ ಬೇರೆ ಬಾಗಿಲಿಂದ. ಷಾ ಅನ್ನೋದು ಹಳೇ ಪರ್ಷಿಯನ್ನಿನ 'ಖ್ಷಾಯಥಿಯ' ಸವೆದು ಉಳಿದ ತುಂಡು. ಆ ಖ್ಷ ಇದ್ಯಲ್ಲ, ಸಂಸ್ಕೃತದಲ್ಲಿ ಅದರ ಜೋಡಿ ಕ್ಷ. ಕ್ಷತ್ರ, ಕ್ಷತ್ರಿಯ ಪದಗಳು ಇದರ ದಾಯಾದಿಗಳು, ಆಳೋದು ಅನ್ನೋ ಒಂದೇ ಧಾತುವಿಂದ ಬಂದಿದ್ದು. ಇತಿಹಾಸ ಪಾಠದಲ್ಲಿ ಕ್ಷತ್ರಪರು ಅಂತ ಓದಿರ್ತೀರ, ಗ್ರೀಕರ ಬಾಯಲ್ಲಿ ಅದೇ ಸೇಟ್ರಪ್ ಆಗಿದ್ದು. ಗ್ರೀಸ್ ಮೇಲೆ ದಂಡೆತ್ತಿ ಹೋದ ಕ್ಸರ್ಕ್ಸಿಸ್ ದೊರೆಯ ಹೆಸರಲ್ಲೂ ಅದೇ ಖ್ಷ. ಹಂಗಾಗಿ ಚೆಕ್ ಪದ ಸಂಸ್ಕೃತದ ಮಗು ಅನ್ನೋದು ತಪ್ಪು, ಕ್ಷತ್ರಿಯನ ದೂರದ ಸೋದರಸಂಬಂಧಿ ಅಂದ್ರೆ ಸರಿ.

ಪ್ರಶ್ನೆ: ಚೆಕ್‌ಮೇಟ್ ಅಂದ್ರೆ 'ರಾಜ ಸತ್ತ' ಅಂತ ಅಲ್ವಾ?

ಉತ್ತರ: ಹಾಗೆ ಹೇಳೋರೇ ಜಾಸ್ತಿ, ಯಾಕಂದ್ರೆ ಅರಬಿಯಲ್ಲಿ ಮಾತ ಅಂದ್ರೆ ಸತ್ತ ಅಂತ ಇದೆ. ಆದ್ರೆ ಪರ್ಷಿಯನ್ನಲ್ಲಿ ಮಾತ್ ಅಂದ್ರೆ ದಿಕ್ಕುತೋಚದವನು, ಕೈಕಟ್ಟಿ ಹೋದವನು ಅಂತ ಅರ್ಥ. ನನಗೆ ಇದೇ ಸರಿ ಅನ್ಸುತ್ತೆ, ಆಟ ನೋಡಿದ್ರೇ ಗೊತ್ತಾಗುತ್ತೆ, ಚೆಸ್ಸಲ್ಲಿ ರಾಜನ್ನ ಕೊಲ್ಲೋದೇ ಇಲ್ಲ, ಎಲ್ಲಾ ಕಾಯಿನೂ ಹೊಡೀಬಹುದು ಅವನೊಬ್ಬನ್ನ ಬಿಟ್ಟು, ಅವನಿಗೆ ಓಡೋಕೆ ಜಾಗ ಇಲ್ಲ ಅಂದ ಕೂಡ್ಲೇ ಆಟ ಮುಗೀತು. ಸಾಯೋ ಮಾತೆಲ್ಲಿ ಬಂತು?

ಪ್ರಶ್ನೆ: ಚೌಕಳಿ ಅಂಗಿಗೆ ಚೆಕ್ಸ್ ಅನ್ನೋದಕ್ಕೂ ಬ್ರಿಟನ್ನಿನ ಹಣಕಾಸು ಮಂತ್ರೀನ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಅನ್ನೋದಕ್ಕೂ ಏನೋ ಕನೆಕ್ಷನ್ ಇದೆ ಅಂತ ಕೇಳಿದೀನಿ, ಬಿಡಿಸಿ ಹೇಳ್ತೀರಾ?

ಉತ್ತರ: ಇದೆ, ಮತ್ತೆ ಈ ಪದದ ಕಥೇಲಿ ನನಗೆ ತುಂಬಾ ಇಷ್ಟದ ಭಾಗ ಇದೇನೆ, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಬೇಜಾರಾಗ್ಬೇಡಿ.

ಫ್ರೆಂಚಲ್ಲಿ ಎಸ್ಚೆಕ್ ಆಡೋ ಮಣೆಗೆ ಎಸ್ಚೆಕಿಯರ್ ಅಂದ್ರು. ಅದು ಇಂಗ್ಲಿಷಿಗೆ ಬಂದು ಚೆಕರ್ ಆಯ್ತು. ಮಣೆ ಮೇಲೆ ಏನಿರುತ್ತೆ, ಒಂದು ಬಿಳಿ ಒಂದು ಕಪ್ಪು ಮನೆಗಳು. ಆ ಥರದ ಯಾವ ಡಿಸೈನ್ ಇದ್ರೂ ಅದು ಚೆಕರ್ಡ್, ಅದರ ಬಾಲ ಕತ್ತರಿಸಿದ್ರೆ ಚೆಕ್. ನಿಮ್ಮ ಅಂಗಿ ಅಲ್ಲಿಗೆ ಮುಗೀತು. ಜೀವನದಲ್ಲಿ ಏಳುಬೀಳು ಕಂಡವರನ್ನ ಚೆಕರ್ಡ್ ಕೆರಿಯರ್ ಅಂತಾರಲ್ಲ, ಅದೂ ಈ ಕಪ್ಪು ಬಿಳುಪಿನದ್ದೇ.

ಈಗ ಎಕ್ಸ್‌ಚೆಕರ್, ಅಂದ್ರೆ ರಾಜನ ಖಜಾನೆ ಲೆಕ್ಕದ ಇಲಾಖೆ. 12ನೇ ಶತಮಾನದ ಇಂಗ್ಲೆಂಡಲ್ಲಿ ಪ್ರತಿ ಜಿಲ್ಲೆಯ ಶೆರಿಫ್ ವಸೂಲಿ ಮಾಡಿದ ದುಡ್ಡು ತಂದು ರಾಜನ ಖಜಾನೆಗೆ ಲೆಕ್ಕ ಒಪ್ಪಿಸ್ಬೇಕಿತ್ತು. ಲೆಕ್ಕ ಹಾಕೋದು ಹೆಂಗೆ? ಸೊನ್ನೆ ಇರೋ ನಮ್ಮ ಅಂಕಿಗಳು ಅಲ್ಲಿ ಇನ್ನೂ ಬಳಕೆಗೆ ಬಂದಿರ್ಲಿಲ್ಲ, ರೋಮನ್ ಅಂಕಿ ಇಟ್ಕೊಂಡು ಕೂಡಿಸಿ ಕಳೆಯೋದು ಅಂದ್ರೆ ತಲೆನೋವು, ಮೇಲಾಗಿ ಎಷ್ಟೋ ಶೆರಿಫ್‌ಗಳಿಗೆ ಓದೋಕೇ ಬರ್ತಿರ್ಲಿಲ್ಲ. ಅದಕ್ಕೆ ಒಂದು ದೊಡ್ಡ ಮೇಜು, ಸುಮಾರು 10 ಅಡಿ ಉದ್ದ 5 ಅಡಿ ಅಗಲ, ಅದರ ಮೇಲೆ ಗೆರೆ ಗೆರೆ ಎಳೆದ ಕಪ್ಪು ಬಟ್ಟೆ ಹಾಸೋರು. ಗೆರೆ ಗೆರೆ ನಡುವೆ ಒಂದು ಅಡಿ ಅಥವಾ ಒಂದು ಗೇಣು ಜಾಗ. ಒಂದೊಂದು ಪಟ್ಟಿ ಒಂದೊಂದಕ್ಕೆ, ಪೆನ್ನಿ ನಾಣ್ಯಕ್ಕೆ ಒಂದು, ಶಿಲ್ಲಿಂಗಿಗೆ ಒಂದು, ಪೌಂಡಿಗೆ ಒಂದು, ಹೀಗೆ ಮೇಲೆ ಮೇಲೆ. ಬಿಲ್ಲೆಗಳನ್ನ ಇಟ್ಟು, ಸರಿಸಿ, ತೆಗೆದು, ಬರಬೇಕಾದ್ದೆಷ್ಟು ಬಂದಿದ್ದೆಷ್ಟು ಅಂತ ಎಲ್ಲರ ಕಣ್ಣೆದುರೇ ತೋರಿಸೋರು. ಓದು ಬರಹ ಬರದವನಿಗೂ ತಾನೆಷ್ಟು ಬಾಕಿ ಅನ್ನೋದು ಕಾಣ್ತಿತ್ತು.

ಇದನ್ನೆಲ್ಲ ನಮಗೆ ಹೇಳಿರೋದು ರಿಚರ್ಡ್ ಫಿಟ್ಜ್‌ನೀಲ್ ಅನ್ನೋನು, 2ನೇ ಹೆನ್ರಿಯ ಖಜಾಂಚಿ. 1170ರ ದಶಕದ ಕೊನೆ ಹೊತ್ತಿಗೆ ಗುರು ಶಿಷ್ಯರ ಸಂಭಾಷಣೆ ರೂಪದಲ್ಲಿ ಈ ಇಲಾಖೆ ಹೆಂಗೆ ನಡೆಯುತ್ತೆ ಅಂತ ಲ್ಯಾಟಿನ್ನಲ್ಲಿ ಒಂದು ಪುಸ್ತಕ ಬರೆದ, ಅಂದ್ರೆ ಪ್ರಶ್ನೋತ್ತರ ಕಾಲಂ ಬರೆಯೋ ನಮ್ಮಂಥವರಿಗೆ ಅವನು ಹಿರೀಕ. ಶಿಷ್ಯ ಕೇಳ್ತಾನೆ, ಈ ಜಾಗಕ್ಕೆ ಯಾಕೆ ಈ ಹೆಸರು? ಗುರು ಹೇಳೋ ಉತ್ತರದ ಸಾರ ಏನಂದ್ರೆ, ಮೇಜು ಚೆಸ್ ಮಣೆ ಥರ ಇದೆ, ಮತ್ತೆ ಅಲ್ಲಿ ಇಬ್ಬರು ರಾಜರು ಯುದ್ಧ ಮಾಡೋ ಹಾಗೆ ಇಲ್ಲಿ ಖಜಾಂಚಿಗೂ ಶೆರಿಫಿಗೂ ಯುದ್ಧ ನಡೆಯುತ್ತೆ, ಉಳಿದವರು ಕೂತು ತೀರ್ಪು ಕೊಡ್ತಾರೆ. ಆಡಿಟ್ ಅಂದ್ರೆ ಯುದ್ಧ ಅಂತ 12ನೇ ಶತಮಾನದಲ್ಲೇ ಒಬ್ಬ ಅಕೌಂಟ್ಸ್ ಆಫೀಸರ್ ಬರೆದಿಟ್ಟಿದಾನೆ ನೋಡಿ.

ಬಟ್ಟೆಯ ಹೆಸರು ಮೇಜಿಗೆ, ಮೇಜಿನ ಹೆಸರು ಆಫೀಸಿಗೆ, ಆಫೀಸಿನ ಹೆಸರು ಇಡೀ ಇಲಾಖೆಗೆ. ಮುಂದೆ ಯಾರೋ ಗುಮಾಸ್ತರು ಫ್ರೆಂಚಿನ ಎಸ್ ನೋಡಿ ಇದು ಲ್ಯಾಟಿನ್ನಿನ 'ಎಕ್ಸ್' ಇರ್ಬೇಕು ಅನ್ಕೊಂಡು ಎಕ್ಸ್‌ಚೆಕರ್ ಅಂತ ತಿದ್ದಿದ್ರು. ನಾಲಿಗೆ ಹೊರಳ್ಲಿ ಅಂತ ಸೇರಿಸಿದ ಅಕ್ಷರಕ್ಕೆ ಲ್ಯಾಟಿನ್ ಪೋಷಾಕು! ತಪ್ಪು ಸ್ಪೆಲಿಂಗೇ ಇವತ್ತಿಗೂ ಸರ್ಕಾರಿ ಸ್ಪೆಲಿಂಗು.

ಪ್ರಶ್ನೆ: ನಾನು ಬ್ಯಾಂಕಲ್ಲಿ ಕೆಲಸ ಮಾಡೋದು. ಚೆಕ್ ಪದವನ್ನ ಬ್ರಿಟಿಷರು ಕ್ಯೂ ಅಕ್ಷರ ಹಾಕಿ (cheque) ಬರೀತಾರೆ, ಅಮೆರಿಕದವರು ಕೆ ಹಾಕಿ (check) ಬರೀತಾರೆ, ಯಾಕೆ? ಇನ್ನೊಂದು, ಈ ಪದ ಅರಬಿಯ 'ಸಕ್' ಅನ್ನೋದ್ರಿಂದ ಬಂದಿದೆ ಅಂತ ನಮ್ಮ ಟ್ರೈನಿಂಗಲ್ಲಿ ಹೇಳಿದ್ರು. ನೀವು ಹೇಳೋ ಷಾ ಕಥೆ ಸರೀನಾ, ಅದು ಸರೀನಾ?

ಉತ್ತರ: ಮೊದ್ಲು ಎರಡನೇದು. ಸಕ್ ಕಥೆ ಸುಳ್ಳು ಅಂತ ತಳ್ಳಿಹಾಕೋಕೆ ಮನಸ್ಸೇ ಬರಲ್ಲ, ಅಷ್ಟು ಚೆನ್ನಾಗಿದೆ. ಅರಬಿಯಲ್ಲಿ ಸಕ್ ಅಂದ್ರೆ ಬರೆದುಕೊಟ್ಟ ಪತ್ರ, ಹಣದ ಪತ್ರ. ಅದೂ ಪರ್ಷಿಯನ್ನಿನ 'ಚಕ್' ಅನ್ನೋದ್ರಿಂದ ಬಂದಿದ್ದು, ಕೇಳೋಕೆ ಚೆಕ್ ಥರಾನೇ ಇದೆ. ಅರ್ಥಾನೂ ಒಂದೇ. 10ನೇ ಶತಮಾನದ ಇಬ್ನ್ ಹೌಕಲ್ ಅನ್ನೋ ಪ್ರವಾಸಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಔದಘುಸ್ತ್ ಊರಿನ ಒಬ್ಬ ವ್ಯಾಪಾರಿ ಮೇಲಿದ್ದ 42,000 ದಿನಾರ್‌ಗಳ ಸಕ್ ನೋಡಿದೆ ಅಂತ ಬರೆದಿದಾನೆ, ಅಂದ್ರೆ ಯೂರೋಪು ಕಣ್ಣು ಬಿಡೋ ಮುಂಚೆ ಅರಬರಲ್ಲಿ ಕಾಗದದ ಮೇಲೆ ಅಷ್ಟು ದೊಡ್ಡ ಮೊತ್ತ ಓಡಾಡ್ತಿತ್ತು. ವ್ಯವಸ್ಥೆ ಅಲ್ಲಿತ್ತು ಅನ್ನೋದ್ರಲ್ಲಿ ಡೌಟೇ ಇಲ್ಲ.

ಆದ್ರೆ ಪದದ ಇತಿಹಾಸ ನೋಡುವಾಗ ಅರ್ಥ ಹೊಂದುತ್ತೆ, ಸದ್ದು ಹೊಂದುತ್ತೆ ಅಂದ್ರೆ ಸಾಲಲ್ಲ, ನಡುವೆ ದಾರಿ ಕಾಣ್ಬೇಕು. ಇಲ್ಲಿ ಅದೇ ಇಲ್ಲ. ಇಂಗ್ಲೆಂಡಲ್ಲಿ ಉಳಿದಿರೋ ತೀರಾ ಹಳೇ ಚೆಕ್ಕುಗಳಲ್ಲಿ ಒಂದು 1659ರದ್ದು, ಲಂಡನ್ನಿನ ಮಾರಿಸ್ ಅಂಡ್ ಕ್ಲೇಟನ್ ಅನ್ನೋ ಲೇವಾದೇವಿಯವರ ಮೇಲೆ ಕೈಯಲ್ಲಿ ಬರೆದಿದ್ದು, 400 ಪೌಂಡಿಗೆ. ಆಗ ಅದನ್ನ ಯಾರೂ ಚೆಕ್ ಅಂತ ಕರೀತಿರ್ಲಿಲ್ಲ, 'ಡ್ರಾನ್ ನೋಟ್' ಅಂತಿದ್ರು. ಪದ ಅರಬರಿಂದ ವ್ಯವಸ್ಥೆ ಜೊತೇನೇ ಬಂದಿದ್ರೆ ಶುರುವಿಂದಾನೇ ಆ ಹೆಸರಿರ್ಬೇಕಿತ್ತಲ್ವಾ? 18ನೇ ಶತಮಾನದ ಶುರುವಲ್ಲಿ ಚೆಕ್ ಅಂದ್ರೆ ಹಣದ ಪತ್ರ ಅಲ್ಲ, ಪತ್ರ ಹರಿದುಕೊಟ್ಟ ಮೇಲೆ ನಮ್ಮ ಹತ್ರ ಉಳಿಯೋ ತುಂಡು, ಕೌಂಟರ್‌ಫಾಯಿಲ್. ಯಾರಾದ್ರೂ ಪತ್ರ ತಿದ್ದಿ ತಂದ್ರೆ ಈ ತುಂಡಿನ ಪಕ್ಕ ಇಟ್ಟು ತಾಳೆ ನೋಡ್ಬಹುದು, ಮೋಸಕ್ಕೆ ತಡೆ, ಅದಕ್ಕೇ ಚೆಕ್ಕು. ಆಮೇಲಾಮೇಲೆ ಅಂಥ ತುಂಡು ಇರೋ ಪತ್ರಕ್ಕೇ ಆ ಹೆಸರು ಅಂಟ್ಕೊಂಡ್ತು. ಮೇಲೆ ಹೇಳಿದ ತಡೆ, ತಾಳೆ ಅನ್ನೋ ಸಾಲಿಗೆ ಇದು ನೇರವಾಗಿ ಕೂರುತ್ತೆ, ಸಕ್ ಕೂರಲ್ಲ. ಸಕ್ ಪದ ಏನೂ ಸತ್ತಿಲ್ಲ ಬಿಡಿ, ಅದರ ಬಹುವಚನ ಸುಕುಕ್, ಬಡ್ಡಿ ಇಲ್ಲದ ಇಸ್ಲಾಮಿಕ್ ಬಾಂಡುಗಳಿಗೆ ಇವತ್ತೂ ಅದೇ ಹೆಸರು.

ಈಗ ಕ್ಯೂ ವಿಷಯ. ಬ್ರಿಟಿಷರಿಗೆ ದುಡ್ಡು ಅಂದ್ರೆ ಎಕ್ಸ್‌ಚೆಕರ್ ನೆನಪಾಗೋದು, ಅದರಲ್ಲಿ ಕ್ಯೂ ಇತ್ತು, ದುಡ್ಡಿನ ಚೆಕ್ಕಿಗೂ ಅದನ್ನೇ ಹಾಕಿದ್ರು, 19ನೇ ಶತಮಾನದಲ್ಲಿ ಅದು ಗಟ್ಟಿಯಾಯ್ತು. ಅಮೆರಿಕದವರು ಕೆ ಬಿಡ್ಲಿಲ್ಲ. ಅಂದ್ರೆ ರಾಜನಿಂದ ಬಂದ ಚೆಕ್ಕು ಮಣೆಯಿಂದ ಬಂದ ಚೆಕರ್ ಹತ್ರ ಕ್ಯೂ ಸಾಲ ಇಸ್ಕೊಂಡಿದೆ. ಫ್ರೆಂಚರು ಇನ್ನೂ ಒಂದು ಹೆಜ್ಜೆ ಮುಂದೆ, ಎಸ್ಚೆಕ್ ಇಂಗ್ಲಿಷಿಗೆ ಕೊಟ್ಟೋರೂ ಅವರೇ, ಶತಮಾನಗಳು ಕಳೆದ ಮೇಲೆ ಬ್ಯಾಂಕಿನ ಚೆಕ್ಕನ್ನ ಇಂಗ್ಲಿಷಿಂದ 'ಶೆಕ್' ಅಂತ ವಾಪಸ್ ತಗೊಂಡೋರೂ ಅವರೇ. ಅವರ ಹಳೇ ಪದ 'ಎಶೆಕ್' ಅನ್ನೋದು ಈಗ 'ಸೋಲು' ಅನ್ನೋ ಅರ್ಥ ಕೊಡುತ್ತೆ, ಪರೀಕ್ಷೇಲಿ ಫೇಲ್ ಆದ್ರೂ ಎಶೆಕ್ಕೇ.

ಪ್ರಶ್ನೆ: ಕೌಂಟರ್‌ಫಾಯಿಲ್ ಅಂದ್ರಲ್ಲ, ಅದರಲ್ಲಿ ಫಾಯಿಲ್ ಅಂದ್ರೆ ಏನು? ಅಲ್ಯೂಮಿನಿಯಂ ಫಾಯಿಲಿಗೆ ಸಂಬಂಧ ಇದ್ಯಾ?

ಉತ್ತರ: ಇದೆ, ಫಾಯಿಲ್ ಅಂದ್ರೆ ಮೂಲದಲ್ಲಿ ಎಲೆ, ಹಾಳೆ, ಲ್ಯಾಟಿನ್ನಿನ 'ಫೋಲಿಯಂ'. ಆದ್ರೆ ಎಕ್ಸ್‌ಚೆಕರ್‌ನವರ ಫಾಯಿಲ್ ಕಾಗದ ಅಲ್ಲ, ಮರದ ಕಡ್ಡಿ. ಹೇಝಲ್ ಮರದ ಕಡ್ಡಿ ಮೇಲೆ ಮೊತ್ತಕ್ಕೆ ತಕ್ಕ ಹಾಗೆ ಕಚ್ಚು ಹಾಕಿ, ಸಾವಿರ ಪೌಂಡಿಗೆ ಅಗಲದ ಕಚ್ಚು, ಒಂದು ಪೆನ್ನಿ ನಾಣ್ಯಕ್ಕೆ ಬರೀ ಒಂದು ಗೀರು, ಉದ್ದಕ್ಕೆ ಸೀಳಿ ಎರಡು ಮಾಡೋರು. ದುಡ್ಡು ಕಟ್ಟಿದವನಿಗೆ ಉದ್ದ ತುಂಡು, ಅದು ಸ್ಟಾಕ್, ಇಲಾಖೆಗೆ ಗಿಡ್ಡ ತುಂಡು, ಅದು ಫಾಯಿಲ್. ಎರಡನ್ನ ಜೋಡಿಸಿದಾಗ ಕಚ್ಚು ಕಚ್ಚಿಗೆ ಕೂರ್ಬೇಕು, ಒಬ್ಬನೇ ಕುತಂತ್ರ ಮಾಡೋಕಾಗಲ್ಲ. ಈ ಪದ್ಧತಿ 1826ರ ತನಕ ನಡೀತು ಅಂದ್ರೆ ನಂಬ್ತೀರಾ? ನಿಲ್ಲಿಸಿದ ಮೇಲೆ ಗುಡ್ಡೆ ಗುಡ್ಡೆ ಹಳೇ ಕಡ್ಡಿ ಉಳಿದಿತ್ತು, 1834ರ ಅಕ್ಟೋಬರ್ 16ರಂದು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಒಲೆಗಳಿಗೆ ಹಾಕಿ ಸುಟ್ರು, ಬೆಂಕಿ ಹೊಗೆಕೊಳವೆ ದಾಟಿ ಹಬ್ಬಿ ಪಾರ್ಲಿಮೆಂಟೇ ಸುಟ್ಟುಹೋಯ್ತು. ಈಗ ನಾವು ಫೋಟೋದಲ್ಲಿ ನೋಡೋ ಬಿಗ್ ಬೆನ್ ಇರೋ ಕಟ್ಟಡ ಅದಾದ ಮೇಲೆ ಕಟ್ಟಿದ್ದು.

ಪ್ರಶ್ನೆ: ಇಂಗ್ಲಿಷ್ ಸಿನಿಮಾಗಳಲ್ಲಿ ಊಟ ಮುಗಿಸಿ 'ಚೆಕ್ ಪ್ಲೀಸ್' ಅಂತಾರೆ. ಚೆಕ್ಕಲ್ಲಿ ದುಡ್ಡು ಕೊಡ್ತಾರಾ?

ಉತ್ತರ: ಇಲ್ಲ, ಅಲ್ಲಿ ಚೆಕ್ ಅಂದ್ರೆ ಬಿಲ್ಲು. ಅಮೆರಿಕದವರಿಗೆ ಗುರುತಿಗೆ ಕೊಡೋ ಎಲ್ಲಾ ಚೀಟಿ, ಬಿಲ್ಲೆನೂ ಚೆಕ್ಕೇ. 19ನೇ ಶತಮಾನದಲ್ಲಿ ಅಲ್ಲಿನ ರೈಲುಗಳಲ್ಲಿ ಲಗೇಜಿಗೆ ನಂಬರ್ ಇರೋ ಹಿತ್ತಾಳೆ ಬಿಲ್ಲೆ ಕಟ್ಟಿ ಅದರ ಜೋಡಿಯನ್ನ ಪ್ರಯಾಣಿಕನ ಕೈಗೆ ಕೊಡೋರು, ಇಳಿದಾಗ ತೋರಿಸಿ ತಗೋಬೇಕು. ವಿಮಾನದಲ್ಲಿ ಲಗೇಜ್ ಚೆಕ್ ಇನ್ ಮಾಡೋದು ಇಲ್ಲಿಂದಾನೇ. ಕೋಟು ಬಿಚ್ಚಿಟ್ಟು ಟೋಕನ್ ತಗೊಳ್ಳೋದು ಕೋಟ್ ಚೆಕ್. ರೇನ್ ಚೆಕ್ ಅಂತ ಇನ್ನೊಂದಿದೆ, 1880ರ ದಶಕದಲ್ಲಿ ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತ್ರೆ ಟಿಕೆಟ್ಟಿನ ತುಂಡು ಇಟ್ಕೊಂಡು ಇನ್ನೊಂದು ದಿನ ಬರಬಹುದಿತ್ತು, ಈಗ ಯಾರಾದ್ರೂ ಕರೆದಾಗ 'ಇವತ್ತು ಬೇಡ, ಇನ್ನೊಮ್ಮೆ ಸಿಗೋಣ' ಅನ್ನೋದಕ್ಕೆ ಹಾಗಂತಾರೆ.

ಪ್ರಶ್ನೆ: ಕಾರ್ಡ್ ನಂಬರ್ ಒಂದಂಕಿ ತಪ್ಪು ಟೈಪ್ ಮಾಡಿದ ತಕ್ಷಣ ವೆಬ್‌ಸೈಟಿಗೆ ಗೊತ್ತಾಗಿಬಿಡುತ್ತೆ, ಇದಕ್ಕೆ ಚೆಕ್ ಡಿಜಿಟ್ ಕಾರಣ ಅಂದ ನನ್ನ ಫ್ರೆಂಡು. ಹಾಗಂದ್ರೆ?

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸರಿ. ಕಾರ್ಡ್ ನಂಬರಿನ ಕೊನೇ ಅಂಕಿ ಸುಮ್ನೆ ಬಂದಿರಲ್ಲ, ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ತೆಗೆದಿರ್ತಾರೆ. ಐಬಿಎಂ ಕಂಪನಿಯಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಇದು. 2345 ಅನ್ನೋ ಪುಟ್ಟ ನಂಬರ್ ತಗೊಳ್ಳಿ. ಬಲಗಡೆಯಿಂದ ಒಂದು ಬಿಟ್ಟು ಒಂದನ್ನ ದುಪ್ಪಟ್ಟು ಮಾಡಿ, 5 ಹಾಗೇ, 4 ಹೋಗಿ 8, 3 ಹಾಗೇ, 2 ಹೋಗಿ 4. ಕೂಡಿಸಿದ್ರೆ 20, ಹತ್ತರಿಂದ ಭಾಗ ಆಗುತ್ತೆ, ನಂಬರ್ ಪಾಸು. ಈಗ ಕೈತಪ್ಪಿ 2435 ಅಂತ ಹೊಡೆದ್ರಿ ಅನ್ಕೊಳ್ಳಿ, 5, 6, 4, 4, ಒಟ್ಟು 19, ಭಾಗ ಆಗಲ್ಲ, ತಪ್ಪು. ದುಪ್ಪಟ್ಟು ಮಾಡಿದಾಗ ಎರಡಂಕಿ ಬಂದ್ರೆ ಅವೆರಡನ್ನೂ ಕೂಡಿಸಿ ಒಂದು ಮಾಡ್ಕೋಬೇಕು ಅಷ್ಟೇ. ಒಂದೇ ಒಂದಂಕಿ ತಪ್ಪಿದ್ರೆ ಇದು ಗ್ಯಾರಂಟಿ ಹಿಡಿಯುತ್ತೆ, ಪಕ್ಕಪಕ್ಕದ ಅಂಕಿ ಅದಲುಬದಲಾದ್ರೆ ಹೆಚ್ಚುಕಮ್ಮಿ ಎಲ್ಲಾ ಹಿಡಿಯುತ್ತೆ, 09 ಮತ್ತೆ 90 ಮಾತ್ರ ತಪ್ಪಿಸ್ಕೊಳ್ಳುತ್ತೆ. ಕಳ್ಳರನ್ನ ಹಿಡಿಯೋಕೆ ಇದು ಮಾಡಿದ್ದಲ್ಲ, ಲೆಕ್ಕ ಗೊತ್ತಿರೋ ಯಾರು ಬೇಕಾದ್ರೂ ಸರಿಯಾದ ನಂಬರ್ ಸೃಷ್ಟಿಸ್ಬಹುದು. ಕೈತಪ್ಪಿಗೆ ಮಾತ್ರ ಚೆಕ್ಕು.

ಹಳೇ ಪುಸ್ತಕಗಳ ಹಿಂದೆ ಹತ್ತಂಕಿ ಐಎಸ್‌ಬಿಎನ್ ನಂಬರಿನ ಕೊನೇಲಿ ಕೆಲವೊಮ್ಮೆ ಎಕ್ಸ್ ಇರುತ್ತೆ, ಗಮನಿಸಿದೀರಾ? ಅದೂ ಚೆಕ್ ಅಂಕಿನೇ. ಅಲ್ಲಿ ಹನ್ನೊಂದರಿಂದ ಭಾಗಿಸ್ತಾರೆ, ಹಾಗಾಗಿ ಕೆಲವು ಸಲ ಉತ್ತರ 10 ಬರುತ್ತೆ, ಒಂದೇ ಮನೇಲಿ ಎರಡಂಕಿ ತುಂಬೋಕಾಗಲ್ಲ, ರೋಮನ್ ಹತ್ತು ಹಾಕಿದ್ರು. 2007ರಿಂದ ಹದಿಮೂರಂಕಿ ಬಂದ ಮೇಲೆ ಈ ಎಕ್ಸ್ ಇಲ್ಲ.

ಪ್ರಶ್ನೆ: ರೈಟ್ ಮಾರ್ಕಿಗೆ ಕೆಲವರು ಟಿಕ್ ಅಂತಾರೆ, ಕೆಲವರು ಚೆಕ್ ಮಾರ್ಕ್ ಅಂತಾರೆ, ಯಾವ್ದು ಸರಿ?

ಉತ್ತರ: ಟಿಕ್ ಬ್ರಿಟಿಷರದ್ದು, ಚೆಕ್ ಅಮೆರಿಕದವರದ್ದು, ಎರಡೂ ಸರಿ. ಸ್ವೀಡನ್, ಫಿನ್‌ಲೆಂಡಿನ ಮೇಷ್ಟ್ರ ಹತ್ರ ಮಾತ್ರ ಹುಷಾರು, ಅಲ್ಲಿ ಉತ್ತರ ತಪ್ಪಿದ್ರೆ ಇದೇ ಗುರುತು ಹಾಕ್ತಾರೆ.

ಪ್ರಶ್ನೆ: ಚೆಕ್ ರಿಪಬ್ಲಿಕ್ ದೇಶಕ್ಕೂ ಇದಕ್ಕೂ?

ಉತ್ತರ: ಏನೂ ಇಲ್ಲ. ಅದು ಆ ಜನ ತಮ್ಮನ್ನ ತಾವು ಕರ್ಕೊಳ್ಳೋ ಹೆಸರು, ಅವರ ದಂತಕಥೆಯ ಮೂಲಪುರುಷನ ಹೆಸರೂ ಚೆಕ್. ಇಂಗ್ಲಿಷಲ್ಲಿ ಸಿ ಝಡ್ ಹಾಕಿ ಬರೆಯೋದು ಪೋಲಿಷ್ ಸ್ಪೆಲಿಂಗ್ ನೋಡ್ಕೊಂಡು.

ಪ್ರಶ್ನೆ: ಇಂಗ್ಲಿಷಲ್ಲಿ ಎಲ್ಲಕ್ಕಿಂತ ಜಾಸ್ತಿ ಅರ್ಥ ಇರೋ ಪದ ಚೆಕ್ಕೇನಾ? ಹೀಗೆ ಎಲ್ಲಾ ಪದಗಳ ಹಿಂದೇನೂ ಒಂದೇ ಮೂಲ ಇರುತ್ತಾ?

ಉತ್ತರ: ಚೆಕ್ ಆ ಪಂದ್ಯದಲ್ಲೇ ಇಲ್ಲ. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಎರಡನೇ ಆವೃತ್ತೀಲಿ 'ಸೆಟ್' ಪದಕ್ಕೆ 430 ಅರ್ಥ, ವಿವರಣೆಯೇ ಸುಮಾರು 60,000 ಪದ. ಅದಾದ ಮೇಲೆ ಪರಿಷ್ಕರಣೆ ಮಾಡುವಾಗ 'ರನ್' ಅದನ್ನ ಹಿಂದೆ ಹಾಕ್ತು, ಕ್ರಿಯಾಪದ ಒಂದಕ್ಕೇ 645.

ಇನ್ನು ಒಂದೇ ಮೂಲ ಇರ್ಲೇಬೇಕು ಅಂತೇನಿಲ್ಲ. ಆ ಸೆಟ್ಟೇ ನೋಡಿ, 'ಇಡು' ಅನ್ನೋ ಸೆಟ್ ಹಳೇ ಇಂಗ್ಲಿಷಿಂದ ಬಂದಿದ್ದು, 'ಒಂದು ಗುಂಪು' ಅನ್ನೋ ಸೆಟ್ ಲ್ಯಾಟಿನ್ನಿನ 'ಸೆಕ್ಟಾ'ದಿಂದ ಫ್ರೆಂಚ್ ಮೂಲಕ ಬಂದಿದ್ದು, ದಾರೀಲಿ ಸಿಕ್ಕಿ ಎರಡೂ ಕಲಸಿಹೋಗಿವೆ. ಆಡೋ ಮ್ಯಾಚಿಗೂ ಗೀರೋ ಮ್ಯಾಚ್ ಬಾಕ್ಸಿಗೂ ಸಂಬಂಧ ಇಲ್ಲ, ಮೊದಲನೇದು 'ಜೋಡಿ' ಅನ್ನೋ ಹಳೇ ಇಂಗ್ಲಿಷ್ ಪದ, ಎರಡನೇದು ಫ್ರೆಂಚಿನ 'ಬತ್ತಿ'. ತಾರೀಖಿನ ಡೇಟು ಲ್ಯಾಟಿನ್ನಿನ 'ಕೊಟ್ಟಿದ್ದು', ಯಾಕಂದ್ರೆ ರೋಮನ್ನರು ಪತ್ರದಲ್ಲಿ ಇಂಥ ದಿನ ಕೊಟ್ಟಿದ್ದು ಅಂತ ಬರೆಯೋರು. ಖರ್ಜೂರದ ಡೇಟು ಗ್ರೀಕಿನ 'ಬೆರಳು'. ಇಂಥವನ್ನ ನೋಡಿದ್ಮೇಲೆ ಚೆಕ್ ಇನ್ನೂ ವಿಚಿತ್ರ ಅನ್ಸುತ್ತೆ, ಅಂಗಿಗೂ ಬ್ಯಾಂಕಿಗೂ ಮೂಲ ಬೇರೆ ಅಂತ ಯಾರಾದ್ರೂ ಹೇಳಿದ್ರೆ ಸುಲಭವಾಗಿ ನಂಬ್ಬಿಡ್ತಿದ್ವಿ.

ಪ್ರಶ್ನೆ: ಸಂವಿಧಾನದ ಪಾಠದಲ್ಲಿ 'ಚೆಕ್ಸ್ ಅಂಡ್ ಬ್ಯಾಲೆನ್ಸಸ್' ಅಂತ ಬರುತ್ತೆ. ಚೆಕ್ಕು, ಬ್ಯಾಲೆನ್ಸು ಎರಡೂ ಬ್ಯಾಂಕಿನ ಪದ, ಅಲ್ಲಿಂದ ತಗೊಂಡಿದಾರಾ?

ಉತ್ತರ: ಪ್ರಶ್ನೆ ಓದಿ ನಕ್ಕೆ, ಆದ್ರೆ ಹಾಗನ್ಸೋದ್ರಲ್ಲಿ ತಪ್ಪೇನಿಲ್ಲ. ಇಲ್ಲಿ ಚೆಕ್ ಅಂದ್ರೆ ತಡೆ, ಬ್ಯಾಲೆನ್ಸ್ ಅಂದ್ರೆ ತಕ್ಕಡಿ. ಒಂದು ಅಧಿಕಾರ ಇನ್ನೊಂದನ್ನ ತಡೀಬೇಕು ಅಂತ ಮಾಂಟೆಸ್ಕ್ಯೂ ಅನ್ನೋ ಚಿಂತಕ 1748ರಲ್ಲಿ ಫ್ರಾನ್ಸಲ್ಲಿ ವಾದ ಮಾಡಿದ, 1787ರಲ್ಲಿ ಅಮೆರಿಕದವರು ಅದನ್ನ ಸಂವಿಧಾನದಲ್ಲೇ ಹೆಣೆದ್ರು. ಕಾಂಗ್ರೆಸ್ ಮಾಡಿದ ಕಾನೂನಿಗೆ ಅಧ್ಯಕ್ಷ ವೀಟೋ ಹಾಕ್ಬಹುದು, ಎರಡೂ ಸದನದಲ್ಲಿ ಮೂರರಲ್ಲಿ ಎರಡು ಭಾಗ ಮತ ಬಿದ್ರೆ ವೀಟೋನೇ ಬಿದ್ದುಹೋಗುತ್ತೆ. ಚೆಸ್ಸಿನ ಚೆಕ್ಕಿಗೆ ತೀರಾ ಹತ್ರದ ಅರ್ಥ ಇದೇ ಅನ್ಸುತ್ತೆ, ಎದುರಾಳಿ ಮುಂದಿನ ನಡೆ ಇಡೋ ಮುಂಚೆ ನಿಮಗೆ ಉತ್ತರ ಕೊಡ್ಲೇಬೇಕು.

ಪ್ರಶ್ನೆ: ಬರ್ಲಿನ್ನಿನ ಚೆಕ್‌ಪಾಯಿಂಟ್ ಚಾರ್ಲಿಯ ಚಾರ್ಲಿ ಯಾರು?

ಉತ್ತರ: ಯಾರೂ ಅಲ್ಲ. ಸೈನ್ಯದವರು ವಯರ್‌ಲೆಸ್ಸಲ್ಲಿ ಎ, ಬಿ, ಸಿ ಅಕ್ಷರಗಳಿಗೆ ಆಲ್ಫಾ, ಬ್ರಾವೋ, ಚಾರ್ಲಿ ಅಂತಾರೆ. ಪಶ್ಚಿಮ ಜರ್ಮನಿಯಿಂದ ಬರ್ಲಿನ್ ದಾರೀಲಿ ಹೆಲ್ಮ್‌ಷ್ಟೆಟ್ ಹತ್ರ ಇದ್ದಿದ್ದು ಆಲ್ಫಾ, ಬರ್ಲಿನ್ ಅಂಚಿನ ಡ್ರೈಲಿಂಡೆನ್ ಬ್ರಾವೋ, ಊರೊಳಗೆ ಫ್ರೀಡ್ರಿಖ್‌ಸ್ಟ್ರಾಸ್ಸೆ ರಸ್ತೇಲಿ ಪೂರ್ವ ಪಶ್ಚಿಮ ಬರ್ಲಿನ್ ನಡುವಿನ ಗೋಡೆ ದಾಟೋ ಜಾಗ ಮೂರನೇದು, ಚಾರ್ಲಿ. 1990ರ ಜೂನಲ್ಲಿ ಅಲ್ಲಿನ ಕಾವಲು ಗೂಡನ್ನ ಕ್ರೇನ್ ಹಾಕಿ ಎತ್ಕೊಂಡು ಹೋದ್ರು. ಈಗ ಅಲ್ಲಿ ನಿಂತಿರೋದು ಟೂರಿಸ್ಟುಗಳ ಫೋಟೋಗೆ ಅಂತ ಮಾಡಿರೋ ಡೂಪ್ಲಿಕೇಟು.